ಮುಚ್ಚಿಟ್ಟ ಪಿಟೀಲಿನ ಪೆಟ್ಟಿಗೆ

ನಮ್ಮಲ್ಲಿ ಕಲಿತು ಹೋದ ಹೆಣ್ಣುಮಕ್ಕಳು ಕೊಳ್ಳೇಗಾಲ, ಹನೂರು, ಯಳಂದೂರುಗಳಿಂದ ನಮ್ಮನ್ನು ಕಾಣಲು ಬಂದಾಗ, “ಪಿಟೀಲು ನುಡಿಸುತ್ತಿರುವೆಯೇನಮ್ಮ?” ಎಂದು ಕೇಳುವುದು ನಮ್ಮ ವಾಡಿಕೆ. “ಮದುವೆಯಾದ ಮೇಲೆ ಪೆಟ್ಟಿಗೆಯನ್ನು ತೆರೆದೇ ಇಲ್ಲ, ಟೀಚರಮ್ಮ” ಎಂಬುದೇ ಬಹುಮಟ್ಟಿಗೆ ದೊರೆಯುವ ಉತ್ತರ. ಇದನ್ನು ಬಲ್ಲ ತಂದೆತಾಯಿಗಳು, “ಕೈಬಿಟ್ಟುಹೋಗುವ ವಿದ್ಯೆಯನ್ನು ಕಲಿಸುವುದೇಕೆ? ಆ ಹೊತ್ತನ್ನು ಗಣಿತಕ್ಕೆ ಕೊಡಬಾರದೇ?” ಎನ್ನುತ್ತಾರೆ. ಪ್ರಶ್ನೆಯು ನ್ಯಾಯವಾದುದೇ, ಆದುದರಿಂದ ಉತ್ತರ ಹೇಳುವುದು ನಮ್ಮ ಕರ್ತವ್ಯವಾಗಿದೆ.

ಮೈಸೂರಿನ ಶ್ರೀ ಜಯಚಾಮರಾಜ ಒಡೆಯರವರು ಯೌವನದಲ್ಲಿ ಪಿಯಾನೊ ವಾದಕರಾಗಬೇಕೆಂದು ಬಯಸಿದ್ದರು. 1940ರಲ್ಲಿ ತಂದೆಯವರೂ, ದೊಡ್ಡಪ್ಪನವರಾದ ನಾಲ್ವಡಿ ಕೃಷ್ಣರಾಜ ಒಡೆಯರವರೂ ಕೆಲವೇ ತಿಂಗಳ ಅಂತರದಲ್ಲಿ ತೀರಿಕೊಂಡುದರಿಂದ, 21ನೆಯ ವಯಸ್ಸಿನಲ್ಲಿಯೇ ಅವರು ಸಿಂಹಾಸನವನ್ನೇರಬೇಕಾಯಿತು. ಆ ಬಯಕೆ ಅಲ್ಲಿಗೆ ನಿಂತಿತು. ಆದರೆ ಕಲಿತ ವಿದ್ಯೆಯು ವ್ಯರ್ಥವಾಗಲಿಲ್ಲ. ಕರ್ನಾಟಕ ಸಂಗೀತದಲ್ಲಿ ಅವರು 94 ಕೃತಿಗಳನ್ನು ರಚಿಸಿದರು. ಪಾಶ್ಚಾತ್ಯ ಸಂಗೀತದಲ್ಲಿ ಪಡೆದ ಜ್ಞಾನವು ಮತ್ತೊಬ್ಬರಿಗೆ ಆಸರೆಯಾಯಿತು.

ರಷ್ಯಾದಲ್ಲಿ ಹುಟ್ಟಿ, 1921ರಲ್ಲಿ ಸ್ವದೇಶವನ್ನು ತೊರೆದು, ಕಡೆಗೆ ಲಂಡನ್ನಿನಲ್ಲಿ ನೆಲೆಸಿದ ನಿಕೊಲಾಯ್ ಮೆಟ್ನರ್ ಎಂಬ ಸಂಗೀತ ರಚನಕಾರರು ಯುದ್ಧಕಾಲದಲ್ಲಿ ಅನಾರೋಗ್ಯದಿಂದಲೂ ಹಣದ ಅಡಚಣೆಯಿಂದಲೂ ಕುಗ್ಗಿದ್ದರು. ಅವರ ಕೃತಿಗಳ ಬೆಲೆಯನ್ನರಿತ ಮಹಾರಾಜರು ಮೆಟ್ನರ್ ಸಂಘವನ್ನು ಸ್ಥಾಪಿಸಿ, ಅವುಗಳನ್ನು ಗ್ರಾಮಫೋನ್ ಪ್ಲೇಟುಗಳಲ್ಲಿ ತರಲು ದ್ರವ್ಯಸಹಾಯ ಮಾಡಿದರು. ಮೆಟ್ನರರು ತಮ್ಮ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಮಹಾರಾಜರಿಗೆ ಅರ್ಪಿಸಿದರು.

ಆ ನೆರವಿನ ವರ್ಷಗಳಲ್ಲಿಯೇ ಅವರ ಪಿಯಾನೊ ಕ್ವಿಂಟೆಟ್ ಸಹ ಪೂರ್ಣವಾಯಿತು. ಪಿಯಾನೊ, ಎರಡು ಪಿಟೀಲು, ಒಂದು ವಿಯೋಲ, ಒಂದು ಚೆಲ್ಲೊ ಎಂಬ ಐದು ವಾದ್ಯಗಳು ಕೂಡಿ ನುಡಿಯುವ ಕೃತಿಯಿದು. ಸುವಾರ್ತೆಯ ಹಾಗೂ ಕೀರ್ತನೆಗಳ ವಚನಗಳನ್ನು ಮನಸ್ಸಿನಲ್ಲಿರಿಸಿಕೊಂಡು ಅದರ ಕೆಲವು ರಾಗಗಳನ್ನು ಹೆಣೆದಿದ್ದಾರೆ. 1904ರ ಸುಮಾರಿನಲ್ಲಿ, ಇಪ್ಪತ್ತರ ಹರೆಯದಲ್ಲಿ ಕೈಗೆತ್ತಿಕೊಂಡುದು 1949ರ ವೇಳೆಗೆ, ಎಪ್ಪತ್ತರ ಸಮೀಪದಲ್ಲಿ ಮುಗಿಯಿತು. 1951ರಲ್ಲಿ ಅವರು ತೀರಿಕೊಂಡರು. ನಲವತ್ತು ವರ್ಷಗಳಿಗೂ ಮೀರಿ ಬಾಕಿಯುಳಿದ ಕೆಲಸವನ್ನು “ಕೈಬಿಟ್ಟುಹೋದದ್ದು” ಎಂದು ಅವರು ಭಾವಿಸಲಿಲ್ಲ.

ಗಣಿತವನ್ನು ಕಡೆಗಣಿಸಿರೆಂದು ನಾವು ಹೇಳುವುದಿಲ್ಲ. ಆದರೆ ಒಂದು ಮಾತು ನಿಜ. ಮೆಟ್ನರರಿಗೆ ನೆರವು ನೀಡಲು ಒಬ್ಬ ಮಹಾರಾಜರಿದ್ದರು. ನಮ್ಮ ಹೆಣ್ಣುಮಕ್ಕಳಿಗೆ ಸಂಜೆ ಅರ್ಧ ಗಂಟೆಯ ಬಿಡುವನ್ನು ಕೊಡುವವರು ಯಾರು? ಒಲೆಯ ಮುಂದಿನ ಕೆಲಸವನ್ನು ಅಷ್ಟು ಹೊತ್ತು ಅತ್ತೆಯವರೋ ಗಂಡನೋ ನೋಡಿಕೊಂಡರೆ ಮನೆಯ ಮರ್ಯಾದೆಗೆ ಕುಂದಿಲ್ಲ. ಅವರಲ್ಲಿ ಮರೆತುಹೋದುದು ವಿದ್ಯೆಯಲ್ಲ. ದೊರೆಯದೆ ಹೋದುದು ಸಮಯ.

ಆದುದರಿಂದ ತಂದೆತಾಯಿಗಳು ಮಗಳ ಪಿಟೀಲನ್ನು ಮಾರದೆ ಅವಳೊಡನೆ ಕಳುಹಿಸಿಕೊಡಲಿ. ಹಳೆಯ ವಿದ್ಯಾರ್ಥಿನಿಯರೇ, ಈ ವಾರವೇ ಪೆಟ್ಟಿಗೆಯ ಧೂಳನ್ನು ಒರೆಸಿರಿ. ತಂತಿ ಸಡಿಲವಾಗಿದ್ದರೆ ಬಿಗಿಮಾಡಿರಿ, ಅಪಸ್ವರಕ್ಕೆ ಅಂಜಬೇಡಿರಿ. ಮುಂದಿನ ಸಲ ನೀವು ಬಂದಾಗಲೂ ನಾವು ಅದೇ ಪ್ರಶ್ನೆಯನ್ನು ಕೇಳುವೆವು.