ತಿಗಣೆಯ ಗುರುತು ಕೇಳದ ಸಿಂಪಡಣೆ

ಕಾಸರಗೋಡಿನ ಗೇರುಗುಡ್ಡಗಳ ಮೇಲೆ ಹೆಲಿಕಾಪ್ಟರಿನಿಂದ ವಿಷ ಸುರಿಯುವುದು 2000ದಲ್ಲಿ ನಿಂತಿತು. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ಎಂಡೋಸಲ್ಫಾನಿನ ಉತ್ಪಾದನೆ, ಮಾರಾಟ ಮತ್ತು ಬಳಕೆಗಳನ್ನು ದೇಶದಾದ್ಯಂತ ತಡೆಹಿಡಿಯಿತು. ಅಲ್ಲಿಗೆ ಆ ಅಧ್ಯಾಯ ಮುಗಿಯಿತೆಂಬ ಸಮಾಧಾನವೊಂದು ಮಲೆನಾಡಿನಲ್ಲಿ ನೆಲೆಸಿದೆ. ಈ ಸಮಾಧಾನಕ್ಕೆ ಆಧಾರವಿಲ್ಲ. ನಿಷೇಧವಾದದ್ದು ಒಂದು ವಿಷ ಮಾತ್ರ. ಕೀಟವನ್ನು ಕಣ್ಣಿನಿಂದ ಕಾಣುವ ಮೊದಲೇ ತಿಂಗಳನ್ನು ನೋಡಿ ಸಿಂಪಡಿಸುವ ಪದ್ಧತಿ ಹಾಗೆಯೇ ಉಳಿದಿದೆ. ಚಿಗುರಿಗೊಂದು, ಹೂವಿಗೊಂದು, ಎಳೆಗಾಯಿಗೊಂದು ಎಂಬ ಅದೇ ಪಂಚಾಂಗ. ಡಬ್ಬಿಯ ಮೇಲಿನ ಹೆಸರು ಮಾತ್ರ ಬೇರೆ.

ಈಗ ಆಕಾಶದ ದಾರಿಯೂ ಮತ್ತೆ ತೆರೆದಿದೆ. ಡ್ರೋನುಗಳಿಂದ ಕೀಟನಾಶಕ ಸಿಂಪಡಿಸುವ ಕಾರ್ಯವಿಧಾನವನ್ನು ಕೇಂದ್ರ ಕೃಷಿ ಸಚಿವಾಲಯವು 2021ರ ಡಿಸೆಂಬರಿನಲ್ಲಿ ಪ್ರಕಟಿಸಿತು. 2023ರಲ್ಲಿ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನು ಒದಗಿಸುವ ಯೋಜನೆ ಮಂಜೂರಾಯಿತು. ಬೆಲೆಯ ಶೇಕಡಾ 80ರಷ್ಟನ್ನು, 8 ಲಕ್ಷ ರೂಪಾಯಿಗಳ ಮಿತಿಯೊಳಗೆ, ಸರ್ಕಾರವೇ ಭರಿಸುತ್ತದೆ. ಸಂಘದ ಹೆಣ್ಣುಮಕ್ಕಳಿಗೆ ಸಂಪಾದನೆಯಾಗಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಬಯಲಿನ ಸಮತಟ್ಟು ಗದ್ದೆಗೆ ಹೊಂದುವ ಯಂತ್ರವನ್ನು ಕಣಿವೆಗಾಳಿ ಬೀಸುವ ನಮ್ಮ ಇಳಿಜಾರುಗಳಿಗೆ, ಅಬ್ಬಿನೀರು ಕುಡಿಯುವ ಮನೆಗಳ ನೆತ್ತಿಯ ಮೇಲಕ್ಕೆ ತರುವ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಯಾವ ಕೀಟಕ್ಕಾಗಿ?

ಕಾಸರಗೋಡಿನಲ್ಲಿ ಆ ಕೀಟ ಒಂದು ತಿಗಣೆ. ಹಾಸಿಗೆಯ ತಿಗಣೆಯ ದೂರದ ಬಂಧು. ರೈತರು ಅದನ್ನು ಟೀ ಸೊಳ್ಳೆ ಎನ್ನುತ್ತಾರೆ. ಅದು ಸೊಳ್ಳೆಯಲ್ಲ, ತೆಳ್ಳಗಿನ ಮೈಯಿಂದಾಗಿ ಬಂದ ಹೆಸರು. ವಿಜ್ಞಾನದ ಹೆಸರು ಹೆಲೋಪೆಲ್ಟಿಸ್ ಆಂಟೋನಿ. ಬೆನ್ನ ಮೇಲೆ ಗುಂಡುಸೂಜಿ ನೆಟ್ಟಂತೆ ಒಂದು ಪುಟ್ಟ ಕೊಂಬು ಇರುವುದರಿಂದ ಶಾಲೆಯ ಮಗುವೂ ಗುರುತಿಸಬಹುದು. ಮಳೆಗಾಲ ಕಳೆದು ಗೇರು ಚಿಗುರುವಾಗ ಇದು ಬರುತ್ತದೆ. ಸೂಜಿಬಾಯಿಯನ್ನು ಚಿಗುರಿಗೆ ಚುಚ್ಚಿ, ಜೊಲ್ಲು ಬಿಟ್ಟು, ರಸ ಹೀರುತ್ತದೆ. ಆ ಜೊಲ್ಲಿನ ನಂಜಿನಿಂದ ಚುಚ್ಚಿದ ಜಾಗ ಕಂದಾಗಿ, ಕಪ್ಪಾಗಿ, ಚಿಗುರೂ ಹೂಗೊಂಚಲೂ ಸುಟ್ಟಂತೆ ಒಣಗುತ್ತವೆ. ಹಾವಳಿ ಜೋರಾದ ವರ್ಷ ಫಸಲಿನ ಮೂರನೆಯ ಒಂದು ಪಾಲಿನಿಂದ ಅರ್ಧದವರೆಗೆ ನಷ್ಟವಾಗುವುದುಂಟು. ನಷ್ಟವೇ ಇಲ್ಲವೆಂದು ಹೇಳುವ ಪರಿಸರವಾದ ನನ್ನದಲ್ಲ. ಬೇವಿನೆಣ್ಣೆಯೇ ಎಲ್ಲಕ್ಕೂ ಮದ್ದೆಂದು ಭಾಷಣ ಮಾಡುವ ಮಿತ್ರರಿಗೂ ಒಂದು ಮಾತು: ಈ ತಿಗಣೆ ಬೇವಿನ ಮರದ ಚಿಗುರನ್ನೇ ಹೀರಿ ಒಣಗಿಸುತ್ತದೆ.

ಆದರೆ ಇದರ ಕುಲವನ್ನು ನೋಡಿ. ಮಿರಿಡೇ ಎಂಬ ಈ ಸಸ್ಯತಿಗಣೆಗಳ ಕುಟುಂಬದಲ್ಲಿ 11,000ಕ್ಕೂ ಹೆಚ್ಚು ಪ್ರಭೇದಗಳಿವೆ. ನಮ್ಮ ಅಡಿಕೆಯ ಸುಳಿಯಲ್ಲಿ ಅವಿತು, ಎಲೆ ಬಿಚ್ಚುವ ಮೊದಲೇ ರಸ ಹೀರಿ ಸೋಗೆಯನ್ನು ಚಿಂದಿಯಾಗಿಸುವ ಕೆಂಪು-ಕಪ್ಪು ಸುಳಿತಿಗಣೆ ಇದೇ ಕುಟುಂಬದ್ದು. ಭತ್ತದ ಗದ್ದೆಯಲ್ಲಿ ಕಂದು ಜಿಗಿಹುಳುವಿನ ಮೊಟ್ಟೆಗಳನ್ನು ಹುಡುಕಿ ಹೀರುವ, ಮೂರು ಮಿಲಿಮೀಟರ್ ಉದ್ದದ ಹಸಿರು ತಿಗಣೆ ಸಿರ್ಟೋರೈನಸ್ ಕೂಡ ಇದೇ ಕುಟುಂಬದ್ದು. ಕಳ್ಳನೂ ಕಾವಲುಗಾರನೂ ಒಂದೇ ಮನೆಯವರು. ಹವಾಯಿ ದ್ವೀಪದ ಕಬ್ಬನ್ನು ಜಿಗಿಹುಳು ಹಾಳುಗೆಡವುತ್ತಿದ್ದಾಗ ಕೀಟವಿಜ್ಞಾನಿ ಫ್ರೆಡರಿಕ್ ಮುಯಿರ್ 1920ರಲ್ಲಿ ಅಲ್ಲಿಗೆ ತಂದು ಬಿಟ್ಟದ್ದು ಇಂತಹುದೇ ಒಂದು ಮೊಟ್ಟೆಭಕ್ಷಕ ಮಿರಿಡ್ ತಿಗಣೆಯನ್ನು. ಜೈವಿಕ ನಿಯಂತ್ರಣದ ಇತಿಹಾಸದಲ್ಲಿ ಅದು ಪಾಠವಾಗಿ ಉಳಿದಿದೆ. ಮನೆಯ ಹೆಸರು ನೋಡಿ ಶಿಕ್ಷೆ ವಿಧಿಸಿದ್ದರೆ ಆ ತಿಗಣೆ ಹಡಗನ್ನೇ ಹತ್ತುತ್ತಿರಲಿಲ್ಲ.

ಭತ್ತದ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಏಕೆಂದರೆ ವಿಷವೇ ಕೀಟವನ್ನು ಬೆಳೆಸುತ್ತದೆಂಬುದು ಅಲ್ಲಿ ಅಳತೆಗೆ ಸಿಕ್ಕಿದೆ. ಕಂದು ಜಿಗಿಹುಳು ತನ್ನ ಮೊಟ್ಟೆಗಳನ್ನು ಭತ್ತದ ಎಲೆಯ ಕವಚದೊಳಗೆ ಸೇರಿಸಿಡುತ್ತದೆ. ಸಿಂಪಡಿಸಿದ ವಿಷ ಒಳಗಿನ ಮೊಟ್ಟೆಗೆ ತಲುಪುವುದಿಲ್ಲ. ಹೊರಗೆ ಓಡಾಡುವ ಹಸಿರು ತಿಗಣೆ, ಜೇಡ, ನೀರಿನ ಮೇಲೆ ಓಡುತ್ತ ಕೆಳಗೆ ಬಿದ್ದ ಮರಿಗಳನ್ನು ಹಿಡಿಯುವ ಮೈಕ್ರೋವೀಲಿಯಾ ಎಂಬ ಇನ್ನೊಂದು ತಿಗಣೆ, ಇವೆಲ್ಲ ಸಾಯುತ್ತವೆ. ವಾರ ಕಳೆದು ಮೊಟ್ಟೆ ಒಡೆದಾಗ ಗದ್ದೆಯಲ್ಲಿ ತಡೆಯುವವರೇ ಇರುವುದಿಲ್ಲ. 1970ರ ದಶಕದ ಕೊನೆಯಲ್ಲಿ ಫಿಲಿಪೀನ್ಸಿನಲ್ಲಿ ಪೀಟರ್ ಕೆನ್ಮೋರ್ ನಡೆಸಿದ ಅಧ್ಯಯನವು, ಸಿಂಪಡಿಸಿದ ಗದ್ದೆಗಳಲ್ಲಿ ಜಿಗಿಹುಳು ನೂರಾರು ಪಟ್ಟು ಹೆಚ್ಚುವುದನ್ನು ತೋರಿಸಿತು. ಇಂಡೋನೇಷ್ಯಾದಲ್ಲಿ ಆಗ ಕೀಟನಾಶಕದ ಬೆಲೆಯ ಬಹುಪಾಲನ್ನು ಸರ್ಕಾರವೇ ಕೊಡುತ್ತಿತ್ತು. ಗದ್ದೆಗಳು ಸುಟ್ಟಂತೆ ಒಣಗುತ್ತಿದ್ದವು. 1986ರಲ್ಲಿ ಅಧ್ಯಕ್ಷರ ಆದೇಶದ ಮೂಲಕ ಭತ್ತಕ್ಕೆ ಬಳಸುತ್ತಿದ್ದ 57 ಕೀಟನಾಶಕಗಳನ್ನು ನಿಷೇಧಿಸಲಾಯಿತು. 1989ರ ಹೊತ್ತಿಗೆ ಸಹಾಯಧನವೂ ನಿಂತಿತು. ಇಳುವರಿ ಕುಸಿಯಲಿಲ್ಲ. ಅಲ್ಲಿಯ ಸರ್ಕಾರ ಕೈಬಿಟ್ಟ ಸಹಾಯಧನವನ್ನು ಇಲ್ಲಿಯ ಸರ್ಕಾರ ಸಿಂಪಡಿಸುವ ಯಂತ್ರಕ್ಕೆ ಕೊಡುತ್ತಿದೆ.

ಎಲ್ಲ ಉದಾಹರಣೆಗಳೂ ನಮ್ಮ ವಾದದ ಪರವಾಗಿಯೇ ಇವೆಯೆಂದು ತಿಳಿಯಬೇಡಿ. ಚೀನಾದಲ್ಲಿ ಬಿಟಿ ಹತ್ತಿ ಬಂದು ಕಾಯಿಕೊರಕಕ್ಕೆ ಸಿಂಪಡಿಸುವುದು ಕಡಿಮೆಯಾದಾಗ ಮಿರಿಡ್ ತಿಗಣೆಗಳೇ ಹೆಚ್ಚಿ, ಸುತ್ತಲಿನ ಹಣ್ಣಿನ ತೋಟಗಳಿಗೂ ಹಬ್ಬಿದವೆಂದು 2010ರಲ್ಲಿ ಅಲ್ಲಿಯ ವಿಜ್ಞಾನಿಗಳು ‘ಸೈನ್ಸ್’ ಪತ್ರಿಕೆಯಲ್ಲಿ ವರದಿ ಮಾಡಿದರು. ವಿಷ ನಿಂತೊಡನೆ ಎಲ್ಲವೂ ತಾನಾಗಿ ಸರಿಹೋಗುವುದಿಲ್ಲ. ಬೆಳೆ ಯಾವುದು, ತಿಗಣೆ ಯಾವುದು, ಅದನ್ನು ತಿನ್ನುವವರು ಯಾರು ಎಂಬುದನ್ನು ಪ್ರತಿ ಬಾರಿಯೂ ಹೊಸದಾಗಿ ನೋಡಲೇಬೇಕು. ಪಂಚಾಂಗ ನೋಡಿ ಸಿಂಪಡಿಸುವವನು ತಪ್ಪಿಸಿಕೊಳ್ಳುವುದು ಈ ನೋಡುವ ಕೆಲಸವನ್ನೇ.

ಮತ್ತೆ ಗೇರಿಗೆ ಬರೋಣ. ಟೀ ಸೊಳ್ಳೆಗೆ ಶತ್ರುಗಳಿಲ್ಲವೆ? ಧಾರಾಳವಾಗಿವೆ. ಚಿಗುರಿನೊಳಗೆ ಅದು ಇಡುವ ಮೊಟ್ಟೆಯನ್ನು ಹುಡುಕಿ, ಅದರೊಳಗೆ ತನ್ನ ಮೊಟ್ಟೆಯಿಡುವ ಟೆಲಿನೋಮಸ್ ಎಂಬ ಅತಿ ಸಣ್ಣ ಕಣಜವಿದೆ. ಜೇಡಗಳಿವೆ. ಸೈಕಾನಸ್, ಪ್ಯಾಂಥಸ್ ಮೊದಲಾದ ಹಂತಕ ತಿಗಣೆಗಳಿವೆ. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದ ವಿಜ್ಞಾನಿಗಳೇ ಇವುಗಳನ್ನು ಗೇರುತೋಟಗಳಲ್ಲಿ ದಾಖಲಿಸಿದ್ದಾರೆ. ಹಂತಕ ತಿಗಣೆಯನ್ನು ಗುರುತಿಸುವುದು ಕಷ್ಟವಲ್ಲ: ಸಸ್ಯರಸ ಹೀರುವ ತಿಗಣೆಯ ಮೂತಿ ಉದ್ದವಾಗಿ, ತೆಳ್ಳಗೆ ನೇರವಾಗಿರುತ್ತದೆ, ಹಂತಕ ತಿಗಣೆಯದು ಗಿಡ್ಡ, ದಪ್ಪ, ಕುಡುಗೋಲಿನಂತೆ ಬಾಗಿದ್ದು. ಕೈಯಲ್ಲಿ ಹಿಡಿಯಬೇಡಿ, ಕುಟುಕಿದರೆ ಉರಿ ಜೋರು.

ಎಲ್ಲಕ್ಕಿಂತ ಮುಖ್ಯವಾದದ್ದು ನಾವು ಚಟ್ನಿ ಮಾಡಿ ತಿನ್ನುವ ಚಗಳಿ ಇರುವೆ. ಎಲೆಗಳನ್ನು ಹೊಲಿದು ಗೂಡು ಕಟ್ಟುವ ಈ ಕೆಂಪು ಇರುವೆಯನ್ನು ಕಿತ್ತಳೆ ತೋಟಗಳ ಕಾವಲಿಗೆ ಗೂಡುಸಹಿತ ಮಾರುತ್ತಿದ್ದರೆಂದು ಚೀನಾದ, ಕ್ರಿ.ಶ. 304ರದೆಂದು ಹೇಳಲಾಗುವ ಗ್ರಂಥವೊಂದರಲ್ಲಿದೆ. ಉತ್ತರ ಆಸ್ಟ್ರೇಲಿಯಾದಲ್ಲಿ ರೆನ್‌ಕಾಂಗ್ ಪೆಂಗ್ ಮತ್ತು ಕೀತ್ ಕ್ರಿಶ್ಚಿಯನ್ 1990ರ ದಶಕದಿಂದ ಗೇರುತೋಟಗಳಲ್ಲಿ ಇದೇ ಚಗಳಿಯನ್ನು ನೆಲೆಗೊಳಿಸಿ, ಅಲ್ಲಿಯ ಟೀ ಸೊಳ್ಳೆಯನ್ನು ಹತೋಟಿಯಲ್ಲಿಟ್ಟರು. ಒಂದು ಗೂಡಿನವು ಇನ್ನೊಂದು ಗೂಡಿನವರೊಡನೆ ಕಾದಾಡುವುದರಿಂದ ಬಳಗಗಳನ್ನು ಪ್ರತ್ಯೇಕವಾಗಿಡಬೇಕು. ಒಂದೇ ಬಳಗದ ಮರಗಳ ನಡುವೆ ಓಡಾಟಕ್ಕೆ ಹಗ್ಗ ಕಟ್ಟಬೇಕು. ತೊಡಕುಗಳೂ ಇವೆ. ಚಗಳಿ ಹಿಟ್ಟುತಿಗಣೆಗಳನ್ನು ಸಾಕಿಕೊಳ್ಳುತ್ತದೆ, ಕೊಯ್ಲಿಗೆ ಹೋದವರನ್ನು ಕಚ್ಚುತ್ತದೆ. ಕಚ್ಚುವ ಇರುವೆ ಬೇಡವೆಂದು ಮೊದಲು ಗೂಡಿಗೆ ಪುಡಿ ಎರಚಿ, ಆಮೇಲೆ ಟೀ ಸೊಳ್ಳೆ ಬಂದಿತೆಂದು ಅಂಗಡಿಗೆ ಓಡುವುದು ನಮ್ಮ ಅನೇಕ ತೋಟಗಳ ವಾಡಿಕೆಯಾಗಿದೆ.

ಇವರೆಲ್ಲ ಕಾಸರಗೋಡಿನ ಗುಡ್ಡಗಳಲ್ಲೂ ಇದ್ದರು. ಅವರ ಮೇಲೆ, ಜೊತೆಗೆ ಮನುಷ್ಯರ ಮೇಲೆ, 1970ರ ದಶಕದ ಕೊನೆಯಿಂದ ಎರಡು ದಶಕಗಳ ಕಾಲ, 4,500 ಹೆಕ್ಟೇರಿಗೂ ಹೆಚ್ಚಿನ ಸರ್ಕಾರಿ ಸ್ವಾಮ್ಯದ ತೋಟಗಳಲ್ಲಿ ವರ್ಷವರ್ಷವೂ ಎಂಡೋಸಲ್ಫಾನ್ ಸುರಿಯಲಾಯಿತು. ಗುಡ್ಡದ ಬುಡದಲ್ಲಿ ತೆರೆದ ಸುರಂಗಗಳು, ಕೆರೆಗಳು, ಮನೆಗಳು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲೂ ಅದೇ ನಡೆಯಿತು. ಪಡ್ರೆಯ ವೈದ್ಯ ಡಾ. ಮೋಹನ್ ಕುಮಾರ್, ಪತ್ರಕರ್ತ ಶ್ರೀಪಡ್ರೆ, ಕೃಷಿ ಇಲಾಖೆಯಲ್ಲೇ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮ ಇವರು ಕೂಗಿ ಹೇಳಿದ ನಂತರವೇ ವಿಷಯ ಹೊರಬಿದ್ದಿತು. 1998ರಲ್ಲಿ ಲೀಲಾಕುಮಾರಿ ಅಮ್ಮ ನ್ಯಾಯಾಲಯದಿಂದ ತಡೆ ತಂದರು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ ಕೇರಳ ಸರ್ಕಾರಕ್ಕೆ ಆದೇಶಿಸಿದ್ದು 2017ರ ಜನವರಿಯಲ್ಲಿ. ಆ ವರ್ಷಗಳಲ್ಲಿ ಹೆಲಿಕಾಪ್ಟರ್ ಹತ್ತುವ ಮೊದಲು ಪ್ರತಿ ತೋಟದಲ್ಲಿ ತಿಗಣೆಯೆಷ್ಟು, ಅದರ ಮೊಟ್ಟೆಗಳಲ್ಲಿ ಕಣಜ ಹೊಕ್ಕವೆಷ್ಟು, ಚಗಳಿಯ ಗೂಡುಗಳೆಷ್ಟು ಎಂದು ಎಣಿಸುವುದು ಸಿಂಪಡಣೆಯ ಷರತ್ತಾಗಿರಲಿಲ್ಲ. ಇಂದಿಗೂ ಆಗಿಲ್ಲ.

ವಿಷದ ಲೆಕ್ಕವನ್ನು ಅಂಗಡಿಯವನು ಹೇಳುತ್ತಾನೆ. ಅವನಿಗೆ ಮಾರುವುದು ಕಸುಬು, ಅವನನ್ನು ದೂರಿ ಪ್ರಯೋಜನವಿಲ್ಲ. ನನ್ನ ಆಕ್ಷೇಪವಿರುವುದು ನನ್ನದೇ ವೃತ್ತಿಯ ಬಗ್ಗೆ. ಸಂಬಳ ಪಡೆದು ಓದಿಕೊಂಡಿರುವ ನಾವು ಪರಭಕ್ಷಕ ಕೀಟಗಳ ಬಗ್ಗೆ ಪ್ರಬಂಧ ಬರೆಯುತ್ತೇವೆ. ರೈತನ ಕೈಗೆ ಕೊಡುವ ಕರಪತ್ರದಲ್ಲಿ ಮಾತ್ರ ವಿಷದ ಹೆಸರು, ಲೀಟರಿಗೆ ಇಷ್ಟು ಮಿಲಿ, ತಿಂಗಳು ಎಂದು ಮುಗಿಸುತ್ತೇವೆ.

1971ರ ಕೀಟನಾಶಕ ನಿಯಮಗಳ 43ನೆಯ ನಿಯಮವು, ಆಕಾಶದಿಂದ ಸಿಂಪಡಿಸುವ ಮುನ್ನ ಕನಿಷ್ಠ 24 ಗಂಟೆ ಮೊದಲು ಸಾರ್ವಜನಿಕರಿಗೆ ತಿಳಿಸಬೇಕು, ಸಂಬಂಧಪಡದ ಜನರನ್ನೂ ಜಾನುವಾರುಗಳನ್ನೂ ಆ ಜಾಗದಿಂದ ದೂರವಿಡಬೇಕು ಎನ್ನುತ್ತದೆ. ತೋಟದ ನಡುವೆಯೇ ಮನೆಯಿರುವ, ಹೊಳೆಗೆ ಗೋಡೆಯಿಲ್ಲದ ಮಲೆನಾಡಿನಲ್ಲಿ ಯಾರನ್ನು ಎಲ್ಲಿಗೆ ದೂರವಿಡುತ್ತೀರಿ? ಆದ್ದರಿಂದ ಒರತೆ ಮತ್ತು ಮನೆಗಳ ಮೇಲ್ಗಡೆಯ ಇಳಿಜಾರುಗಳಲ್ಲಿ ಡ್ರೋನು ಸಿಂಪಡಣೆ ಬೇಡವೆಂದು ಪ್ರತಿ ಗ್ರಾಮಸಭೆಯೂ ಲಿಖಿತವಾಗಿ ನಿರ್ಣಯಿಸಿ ಕೃಷಿ ಮತ್ತು ತೋಟಗಾರಿಕೆ ಇಲಾಖೆಗಳಿಗೆ ಕಳುಹಿಸಬೇಕು. ಉಳಿದ ಕಡೆ ಕೀಟ ಎಣಿಸಿದ ದಾಖಲೆಯನ್ನು ನೋಡದೆ ಅನುಮತಿ ಕೊಡಬಾರದೆಂಬುದನ್ನೂ ಅದರಲ್ಲಿ ಸೇರಿಸಬೇಕು.

ಎಣಿಸುವ ಕೆಲಸವನ್ನು ವಿದ್ಯಾರ್ಥಿಗಳು ಮಾಡಬಲ್ಲರು. ನವೆಂಬರಿನಿಂದ ಫೆಬ್ರವರಿಯವರೆಗೆ ವಾರಕ್ಕೊಮ್ಮೆ, ಬೆಳಗಿನ ಹೊತ್ತು, ತೋಟದ ಬೇರೆಬೇರೆ ಮೂಲೆಗಳ ಹತ್ತು ಗೇರುಮರಗಳನ್ನು ಆರಿಸಿ, ಪ್ರತಿ ಮರದ ನಾಲ್ಕು ದಿಕ್ಕಿನ ಚಿಗುರುಗಳನ್ನು ನೋಡಿರಿ. ಕಪ್ಪುಚುಕ್ಕೆ ಬಿದ್ದ ಚಿಗುರೆಷ್ಟು, ಬೆನ್ನಿನಲ್ಲಿ ಗುಂಡುಸೂಜಿಯಿರುವ ತಿಗಣೆಯೆಷ್ಟು, ಬಾಗಿದ ಮೂತಿಯದೆಷ್ಟು, ಜೇಡವೆಷ್ಟು, ಚಗಳಿ ಗೂಡಿದೆಯೇ ಇಲ್ಲವೇ ಎಂದು ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಗೂಡಿರುವ ಮರ ಮತ್ತು ಗೂಡಿಲ್ಲದ ಮರಗಳ ಲೆಕ್ಕ ಬೇರೆಬೇರೆಯಾಗಿರಲಿ.