ರೇಡ್ 5ರ ಮರಣಶಾಸನ: ಲೆಕ್ಕದ ಒಂದು ತಕರಾರು

ದತ್ತಾಂಶವನ್ನು ಹಲವು ಡಿಸ್ಕ್‌ಗಳಿಗೆ ಹಂಚಿ, ಒಂದು ಕೆಟ್ಟರೂ ಉಳಿದವುಗಳಿಂದ ಅದನ್ನು ಮರುನಿರ್ಮಿಸುವ ರೇಡ್ 5 ವ್ಯವಸ್ಥೆ 2009ರ ಹೊತ್ತಿಗೆ ಕೆಲಸಕ್ಕೆ ಬಾರದಾಗುತ್ತದೆಂದು ರಾಬಿನ್ ಹ್ಯಾರಿಸ್ 2007ರಲ್ಲಿ ಬರೆದದ್ದನ್ನು ಇಂದಿಗೂ ಹಲವರು ವೇದವಾಕ್ಯವೆಂಬಂತೆ ಉದ್ಧರಿಸುತ್ತಾರೆ. ತಲಾ 2 ಟೆರಾಬೈಟ್‌ನ ಏಳು ಡಿಸ್ಕ್‌ಗಳಲ್ಲಿ ಒಂದು ಕೆಟ್ಟು, ಉಳಿದ ಆರರ 12 ಟೆರಾಬೈಟ್ ಓದುವಾಗ, ಓದಲಾಗದ ಸೆಕ್ಟರ್ ಎದುರಾಗುವುದು ಬಹುತೇಕ ಖಚಿತವೆಂಬುದು ಅವರ ವಾದ. ಆದರೆ ನೂರು ಲಕ್ಷ ಕೋಟಿ ಬಿಟ್‌ಗಳಿಗೆ ಒಂದು ದೋಷವೆಂಬ ತಯಾರಕರ ಪ್ರಮಾಣವನ್ನೇ ಸರಾಸರಿಯೆಂದು ಒಪ್ಪಿದರೂ ಆ ಸಂಭವನೀಯತೆ ಸುಮಾರು ಶೇ. 62 ಮಾತ್ರ, ದೋಷಪ್ರಮಾಣ ಅದರ ಹತ್ತರಲ್ಲೊಂದು ಪಾಲಿರುವ ಉನ್ನತ ದರ್ಜೆಯ ಡಿಸ್ಕ್‌ಗಳಲ್ಲಿ ಅದು ಶೇ. 9ರ ಆಸುಪಾಸಿಗೆ ಇಳಿಯುತ್ತದೆ. ಮೇಲಾಗಿ ಆ ಅಂಕಿ ತಯಾರಕರು ಘೋಷಿಸಿದ ಗರಿಷ್ಠ ಮಿತಿಯೇ ಹೊರತು ಅಳೆದು ಕಂಡುಕೊಂಡ ಸರಾಸರಿಯಲ್ಲ.

ನಿಜವಾದ ಅಪಾಯವಿರುವುದು ಬೇರೆಡೆ. ಡಿಸ್ಕ್‌ಗಳು ಪರಸ್ಪರ ಸಂಬಂಧವಿಲ್ಲದೆ ಕೆಡುತ್ತವೆಂಬ ಗ್ರಹಿಕೆ ವಾಸ್ತವಕ್ಕೆ ಹೊಂದುವುದಿಲ್ಲವೆಂದು ಬಿಯಾಂಕಾ ಶ್ರೋಡರ್ ಮತ್ತು ಗಾರ್ತ್ ಗಿಬ್ಸನ್ ಅವರ ಅಧ್ಯಯನವು ಅದೇ 2007ರಲ್ಲಿ ತೋರಿಸಿತ್ತು. ಒಂದೇ ಪೆಟ್ಟಿಗೆಯ ಬಿಸಿ, ಕಂಪನ, ವಿದ್ಯುತ್ತನ್ನು ಹಂಚಿಕೊಂಡವು ಮರುನಿರ್ಮಾಣದ ಹೊತ್ತಿನಲ್ಲೇ ಒಟ್ಟಿಗೆ ಕೈಕೊಡಬಹುದಾದ್ದರಿಂದ ಎರಡು ವೈಫಲ್ಯಗಳನ್ನು ತಾಳುವ ರೇಡ್ 6 ಬೇಕಾಗುತ್ತದೆ. ಸಲಹೆ ಸರಿಯಿದ್ದ ಮಾತ್ರಕ್ಕೆ ಅದಕ್ಕೆ ಕೊಟ್ಟ ತಪ್ಪು ಲೆಕ್ಕ ಸರಿಯಾಗದು.