ಪಶ್ಚಾತ್ತಾಪಕ್ಕೂ ಬಸಿಗಾಲುವೆ ಬೇಕು

ಪ್ರತಿವರ್ಷ ನವೆಂಬರ್ 2ರಂದು ಧರ್ಮಸಭೆಯು ಮೃತರೆಲ್ಲರ ಸ್ಮರಣೆಯನ್ನು ಆಚರಿಸುತ್ತದೆ. ನಮ್ಮ ಕುಟುಂಬಗಳು ಹಿಂದಿನ ದಿನವೇ ಸ್ಮಶಾನಕ್ಕೆ ಹೋಗಿ ಕಳೆ ಕಿತ್ತು, ಸಮಾಧಿಗಳಿಗೆ ಸುಣ್ಣ ಬಳಿದು ಬರುತ್ತವೆ. ಮರುದಿನ ಚೆಂಡುಹೂವಿಟ್ಟು, ಮೇಣದಬತ್ತಿ ಹಚ್ಚಿ, ಪವಿತ್ರ ಜಲದೊಂದಿಗೆ ಬರುವ ಗುರುಗಳಿಗಾಗಿ ಕಾಯುತ್ತವೆ. ರಾಯಚೂರು ನಗರದಲ್ಲಿ ಸೇವೆ ಸಲ್ಲಿಸುತ್ತಿದ್ದಾಗ ಆ ದಿನ ನಮ್ಮ ಕಣ್ಣಿಗೆ ಬೀಳುತ್ತಿದ್ದ ಒಬ್ಬ ವ್ಯಕ್ತಿಯನ್ನು ನಾವು ಮರೆಯಲಾರೆವು. ಅವರು ಎಂದೂ ಒಳಗೆ ಬರುತ್ತಿರಲಿಲ್ಲ. ಗೇಟಿನ ಹೊರಗೆ ಬೇವಿನ ಮರದ ಕೆಳಗೆ ನಿಂತು, ಪ್ರಾರ್ಥನೆ ಮುಗಿಯುವವರೆಗೆ ತಲೆ ತಗ್ಗಿಸಿಕೊಂಡಿದ್ದು, ಮಾತಿಲ್ಲದೆ ಹೊರಟುಹೋಗುತ್ತಿದ್ದರು.

ಒಂದು ವರ್ಷ ನಾವೇ ಅವರನ್ನು ಕರೆದು ಮಾತನಾಡಿಸಿದೆವು. ಪಾಪನಿವೇದನೆಯಲ್ಲಿ ಕೇಳಿದ ಒಂದಕ್ಷರವನ್ನೂ ಗುರುವಾದವನು ಎಲ್ಲಿಯೂ ಆಡುವಂತಿಲ್ಲ. ಇದು ಗುರುನಿವಾಸದ ಪಡಸಾಲೆಯಲ್ಲಿ ಕುಳಿತು ಆಡಿದ ಮಾತು. ಹೆಸರು ಹೇಳದೆ ಬರೆಯಬಹುದೆಂದು ಅವರೇ ಅನುಮತಿ ಇತ್ತಿದ್ದಾರೆ. ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯವರು ಅವರು. ಮಳೆ ಕೈಕೊಟ್ಟ ವರ್ಷ ಅನೇಕರಂತೆ ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡ ಕೆಲಸಕ್ಕೆ ಸೇರಿದರು. ತಾಯಿ ರಾಯಚೂರಿನಲ್ಲಿ ಮಗಳ ಮನೆಯಲ್ಲಿದ್ದು ಕಾಯಿಲೆ ಬಿದ್ದರು. ಔಷಧಕ್ಕೆ ಹಣ ಕಳುಹಿಸುವಂತೆ ಸುದ್ದಿ ಬಂದಾಗ ಅವರ ಕೈಯಲ್ಲಿ ಆ ವಾರದ ಪಗಾರವಿತ್ತು. ಅದು ಎರಡು ರಾತ್ರಿಯಲ್ಲಿ ಕುಡಿತಕ್ಕೆ ಹೋಯಿತು. ಮುಂದಿನ ವಾರ ಕಳುಹಿಸಿದರಾಯಿತೆಂದು ಸುಮ್ಮನಾದರು. ಮುಂದಿನ ವಾರ ಬರುವ ಮೊದಲೇ ತಾಯಿ ಮಣ್ಣಾಗಿದ್ದರು. ಅಂದಿನಿಂದ ಅವರು ಕುಡಿದಿಲ್ಲ. ಗಂಜಿನಲ್ಲಿ ಹಮಾಲಿ ಕೆಲಸ ಮಾಡಿ ಮಕ್ಕಳನ್ನು ಓದಿಸಿದ್ದಾರೆ. ಆದರೂ ಗೇಟು ದಾಟಲು ಕಾಲು ಏಳುವುದಿಲ್ಲ.

ದೇವರು ನಿಮ್ಮನ್ನು ಎಂದೋ ಕ್ಷಮಿಸಿದ್ದಾರೆ, ಹಳೆಯದನ್ನು ಮರೆತುಬಿಡಿ ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಫಾದರ್, ದೇವ್ರು ಕ್ಷಮಾ ಮಾಡ್ಯಾನಂತ ನೀವು ಹೇಳ್ತೀರಿ. ನಮ್ಮವ್ವ ಮಾಡ್ಯಾಳೇನ್ರಿ?"

ನಮ್ಮಲ್ಲಿ ಉತ್ತರವಿರಲಿಲ್ಲ. ಗುರುಮಠದಲ್ಲಿ ವರ್ಷಗಟ್ಟಲೆ ತತ್ತ್ವಶಾಸ್ತ್ರ, ದೈವಶಾಸ್ತ್ರಗಳನ್ನು ಓದಿದವರು ನಾವು. ಆದರೆ ಎದುರಿಗೆ ಕುಳಿತವರ ನೋವನ್ನು ತೂಗಿ ನೋಡದೆ, ಮರೆತುಬಿಡಿ ಎಂಬ ಸುಲಭದ ಮಾತನ್ನು ಆಡಿಬಿಟ್ಟಿದ್ದೆವು. ಅದು ನಮ್ಮ ತಪ್ಪು. ಈ ಲೇಖನ ಆ ತಪ್ಪಿನಿಂದಲೇ ಹುಟ್ಟಿದ್ದು.

ಹಳೆಯ ತಪ್ಪನ್ನು ಮರೆಯುವುದು ನಿಜವಾಗಿ ಸಾಧ್ಯವೇ? ನಡೆದುಹೋದುದರ ಬಗ್ಗೆ ಯಾರೂ ಆಲೋಚಿಸಿ ತೀರ್ಮಾನಿಸಲಾರರು, ಮುಂದೆ ನಡೆಯಬೇಕಾದುದರ ಬಗ್ಗೆ ಮಾತ್ರ ತೀರ್ಮಾನ ಸಾಧ್ಯ ಎಂಬುದನ್ನು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ತಿಳಿಸಿದ. 13ನೇ ಶತಮಾನದ ಸಂತ ಥಾಮಸ್ ಅಕ್ವಿನಾಸರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸರ್ವಶಕ್ತರಾದ ದೇವರು ಕೂಡ ನಡೆದ ಸಂಗತಿಯನ್ನು ನಡೆಯದೇ ಇದ್ದ ಸಂಗತಿಯನ್ನಾಗಿ ಮಾಡುವುದಿಲ್ಲ, ಏಕೆಂದರೆ ಅದು ಸತ್ಯಕ್ಕೇ ವಿರುದ್ಧ ಎಂದು ವಿವರಿಸಿದರು. ಅಂದಮೇಲೆ ಕ್ಷಮೆಯೆಂದರೆ ಅಳಿಸುವುದೂ ಅಲ್ಲ, ಮರೆಸುವುದೂ ಅಲ್ಲ. ಪಗಾರ ಕುಡಿತಕ್ಕೆ ಹೋದದ್ದು ನಿಜ. ತಾಯಿ ತೀರಿಕೊಂಡದ್ದೂ ನಿಜ. ಹಾಗಾದರೆ ಕ್ಷಮೆ ಏನನ್ನು ಬದಲಿಸುತ್ತದೆ?

ಇದಕ್ಕೆ ಉತ್ತರ ನಮಗೆ ಪುಸ್ತಕದಲ್ಲಿ ದೊರಕಲಿಲ್ಲ. ಕೆಲವು ತಿಂಗಳುಗಳ ಬಳಿಕ ಬಲಿಪೂಜೆ ಅರ್ಪಿಸಲು ಮಾನ್ವಿ ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿದ್ದೆವು. ಪೂಜೆಯ ನಂತರ ರೈತರೊಬ್ಬರು ತಮ್ಮ ಹೊಲ ತೋರಿಸಲು ಕರೆದೊಯ್ದರು. ನೆಲದ ಮೇಲೆ ಅಲ್ಲಲ್ಲಿ ಬೂದಿ ಚೆಲ್ಲಿದಂತೆ ಬಿಳಿಯ ಪದರ. ಇದೇನೆಂದು ಕೇಳಿದೆವು. ಸವಳು ಎಂದರು.

ನಮ್ಮ ನಾಡು ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ ಹರಿಯುವ ಎರಡು ನದಿಗಳ ನಡುವಿನ ಸೀಮೆ. ಆದರೂ ಬರ ಇಲ್ಲಿಯ ಹಳೆಯ ನೆಂಟ. ತುಂಗಭದ್ರಾ ಅಣೆಕಟ್ಟೆಯಿಂದ 1953ರಲ್ಲಿ ನೀರು ಹರಿಯತೊಡಗಿದಾಗ ಜನ ಅದನ್ನು ವರವೆಂದು ಸ್ವಾಗತಿಸಿದರು. ಅದು ವರವೇ ಆಗಿತ್ತು. ಆದರೆ ಎಡದಂಡೆ ಕಾಲುವೆಯ ಸೀಮೆಯ ಎರೆಭೂಮಿ ನೀರನ್ನು ಬೇಗ ಬಸಿಯಗೊಡುವುದಿಲ್ಲ. ಮಿತಿಮೀರಿ ನೀರು ನಿಲ್ಲಿಸಿದ ಕಡೆ ಅಂತರ್ಜಲ ಮೇಲೇರುತ್ತದೆ; ಅದರೊಂದಿಗೆ ಭೂಮಿಯ ಆಳದ ಉಪ್ಪೂ ಮೇಲಕ್ಕೆ ಬರುತ್ತದೆ. ಬಿಸಿಲಿಗೆ ನೀರು ಆವಿಯಾಗಿ ಹೋದರೆ ಉಪ್ಪು ಮಾತ್ರ ಉಳಿಯುತ್ತದೆ. ಆಮೇಲೆ ಅಲ್ಲಿ ಬಿತ್ತಿದ ಬೀಜ ಸರಿಯಾಗಿ ಮೊಳೆಯದು. ಹಾಗೆಂದು ನೀರನ್ನೇ ನಿಲ್ಲಿಸಿಬಿಟ್ಟರೆ ಭೂಮಿ ಸರಿಹೋಗುವುದೇ? ಇಲ್ಲ. ಹೊಲದಲ್ಲಿ ಬಸಿಗಾಲುವೆ ತೋಡಬೇಕು. ಒಳ್ಳೆಯ ನೀರು ಹಾಯಿಸಿ ಉಪ್ಪನ್ನು ತೊಳೆದು, ಆ ನೀರು ಹೊರಗೆ ಹರಿದುಹೋಗುವಂತೆ ಮಾಡಬೇಕು. "ನೀರು ಬರೋ ದಾರಿ ಎಷ್ಟು ಮುಖ್ಯನೋ ಹೋಗೋ ದಾರಿನೂ ಅಷ್ಟೇ ಮುಖ್ಯ ಫಾದರ್" ಎಂದರು ಆ ರೈತರು.

ಬೇವಿನ ಮರದ ಕೆಳಗೆ ನಿಂತವರು ಆ ಕ್ಷಣ ನಮ್ಮ ಕಣ್ಮುಂದೆ ಬಂದರು. ಪಶ್ಚಾತ್ತಾಪದ ಕಣ್ಣೀರು ದೇವರ ವರ. ಅದು ಬೀಳದ ಹೃದಯ ಕಾಲುವೆಯ ಕೊನೆಯಲ್ಲಿ ನೀರು ಮುಟ್ಟದ ಹೊಲದಂತೆ ಬಿರಿದು ಹೋಗುತ್ತದೆ. ತಪ್ಪು ಮಾಡಿಯೂ ನೋವುಪಡದವರು ನಮ್ಮ ನಡುವೆ ಇಲ್ಲದಿಲ್ಲ. ಅವರಿಗಾಗಿ ಕಾಲುವೆಯನ್ನು ಅಲ್ಲಿಯವರೆಗೆ ಮುಟ್ಟಿಸಬೇಕಾಗಿದೆ. ಆದರೆ ಹೊರಹೋಗಲು ದಾರಿಯಿಲ್ಲದೆ ವರ್ಷಾನುಗಟ್ಟಲೆ ಒಳಗೇ ನಿಂತ ದುಃಖ ಆತ್ಮವನ್ನು ಸವಳುಗೊಳಿಸುತ್ತದೆ. ಅಲ್ಲಿ ವಿಶ್ವಾಸದ ಬೀಜ ಬಿದ್ದರೂ ಬೆಳೆಯದು. ಇಂಥ ದುಃಖವನ್ನು ಅನೇಕರು ಭಕ್ತಿಯೆಂದೇ ಭಾವಿಸುತ್ತಾರೆ. ಅದು ಭಕ್ತಿಯಲ್ಲ, ನಿಂತ ನೀರು.

ಶುಭಸಂದೇಶದಲ್ಲಿ ಇದಕ್ಕೆ ಎರಡು ಸಾಕ್ಷಿಗಳಿವೆ. ಒಂದೇ ರಾತ್ರಿಯಲ್ಲಿ ಯೂದನು ಪ್ರಭುವನ್ನು ಹಿಡಿದುಕೊಟ್ಟನು, ಪೇತ್ರನು ಅವರನ್ನು ಅರಿಯೆನೆಂದು ಮೂರು ಸಾರಿ ನಿರಾಕರಿಸಿದನು. ಇಬ್ಬರೂ ಪರಿತಪಿಸಿದರು. ಯೂದನು ತನ್ನ ದುಃಖವನ್ನು ಹೊತ್ತು ಒಂಟಿಯಾಗಿ ಹೋದನು. ಪೇತ್ರನು ಅತ್ತರೂ ಸಂಗಡಿಗರ ಬಳಿಗೆ ಮರಳಿದನು. ಯೊವಾನ್ನನು ಬರೆದ ಶುಭಸಂದೇಶವನ್ನು ಗಮನವಿಟ್ಟು ಓದಿರಿ. ಪೇತ್ರನು ನಿರಾಕರಿಸಿದ್ದು ಇದ್ದಿಲ ಬೆಂಕಿಯ ಬಳಿ ಚಳಿ ಕಾಯಿಸಿಕೊಳ್ಳುತ್ತಿದ್ದಾಗ. ಪುನರುತ್ಥಾನರಾದ ಪ್ರಭು ಸರೋವರದ ದಡದಲ್ಲಿ ಅವನಿಗಾಗಿ ಊಟ ಸಿದ್ಧಪಡಿಸಿದ್ದೂ ಇದ್ದಿಲ ಬೆಂಕಿಯ ಮೇಲೆಯೇ. ಹಳೆಯ ತಪ್ಪಿನ ಜಾಗಕ್ಕೇ ಅವನನ್ನು ಕರೆತಂದು, ಮೂರು ನಿರಾಕರಣೆಗೆ ಪ್ರತಿಯಾಗಿ ಮೂರು ಸಾರಿ ಪ್ರೀತಿಯನ್ನು ಕೇಳಿ, ಕೊನೆಗೆ ಕುರಿಗಳನ್ನು ಮೇಯಿಸುವ ಕೆಲಸವನ್ನು ಒಪ್ಪಿಸಿದರು. ಪ್ರಭು ಅವನಿಗೆ ಮರೆತುಬಿಡು ಎನ್ನಲಿಲ್ಲ. ಮುಂದಿನ ಕೆಲಸವನ್ನು ಕೊಟ್ಟರು. ಕ್ಷಮೆ ನಡೆದುದನ್ನು ಬದಲಿಸುವುದಿಲ್ಲ, ನಡೆದುದು ನಮ್ಮನ್ನು ಎಲ್ಲಿಗೆ ಕೊಂಡೊಯ್ಯುತ್ತದೆಂಬುದನ್ನು ಬದಲಿಸುತ್ತದೆ.

ಸಂತ ಅಗಸ್ಟೀನರ ಜೀವನವೂ ಇದನ್ನೇ ಸಾರುತ್ತದೆ. 354ರಲ್ಲಿ ಉತ್ತರ ಆಫ್ರಿಕದಲ್ಲಿ ಹುಟ್ಟಿದ ಅವರು ಯೌವನವನ್ನು ದಾರಿ ತಪ್ಪಿ ಕಳೆದರು. ರೋಮಿಗೆ ಹೊರಟಾಗ, ತಮ್ಮನ್ನು ಬಿಟ್ಟಿರಲಾರದೆ ಸಮುದ್ರತೀರದವರೆಗೆ ಬಂದ ತಾಯಿ ಮೋನಿಕಳಿಗೆ ಸುಳ್ಳು ಹೇಳಿ, ಆಕೆ ಪ್ರಾರ್ಥನೆಯಲ್ಲಿದ್ದ ರಾತ್ರಿ ಹಡಗನ್ನೇರಿ ಹೊರಟುಹೋದರು. 387ರಲ್ಲಿ ಮಿಲಾನಿನಲ್ಲಿ ದೀಕ್ಷಾಸ್ನಾನ ಪಡೆದರು. ಅದೇ ವರ್ಷ ತಾಯಿ ತೀರಿಕೊಂಡರು. ಸುಮಾರು ಹತ್ತು ವರ್ಷಗಳ ಬಳಿಕ, ಧರ್ಮಾಧ್ಯಕ್ಷರಾಗಿದ್ದಾಗ, ಆ ಸುಳ್ಳನ್ನೂ ಬಿಡದೆ ಎಲ್ಲವನ್ನೂ ತಮ್ಮ ನಿವೇದನೆಯ ಗ್ರಂಥದಲ್ಲಿ ಬರೆದರು. ಅವರು ಏನನ್ನೂ ಮರೆಯಲಿಲ್ಲ. ಆದರೆ ಅವರ ನೆನಪು ಉಪ್ಪಾಗಿ ಉಳಿಯದೆ ದೇವಸ್ತುತಿಯಾಗಿ ಹರಿಯಿತು.

ಹಾಗಾದರೆ ನಮಗೆ ಬಸಿಗಾಲುವೆ ಎಲ್ಲಿದೆ? ಧರ್ಮಸಭೆ ಅದನ್ನು ಎಂದೋ ತೋಡಿಟ್ಟಿದೆ. ನಿಜವಾದ ಪಶ್ಚಾತ್ತಾಪ, ಬಾಯಿಬಿಟ್ಟು ಮಾಡುವ ಪಾಪನಿವೇದನೆ, ಗುರುವಿನ ಮೂಲಕ ದೊರಕುವ ಕ್ಷಮಾದಾನ, ಆಮೇಲೆ ಪ್ರಾಯಶ್ಚಿತ್ತ. ಇವುಗಳಲ್ಲಿ ಕೊನೆಯದನ್ನು ನಾವು ಬಹಳ ಹಗುರವಾಗಿ ತೆಗೆದುಕೊಂಡಿದ್ದೇವೆ. ಮೂರು ನಮೋ ಮರಿಯ ಹೇಳಿ ಮುಗಿಸುವುದಷ್ಟೇ ಪ್ರಾಯಶ್ಚಿತ್ತವಲ್ಲ. ಜಕ್ಕಾಯನು ತನ್ನ ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡಲು, ಮೋಸದಿಂದ ಪಡೆದುದನ್ನು ನಾಲ್ಕರಷ್ಟು ಹಿಂದಿರುಗಿಸಲು ಮುಂದಾದನು. ತಪ್ಪಿನಿಂದ ಕೆಟ್ಟುದನ್ನು ಸರಿಪಡಿಸುವ ಕೆಲಸ ಆರಂಭವಾದಾಗ ದುಃಖಕ್ಕೆ ಹರಿಯುವ ದಾರಿ ಸಿಗುತ್ತದೆ. ತಪ್ಪೊಪ್ಪಿಕೊಂಡರೆ ಗೌರವ ಕುಗ್ಗುವುದೆಂಬ ಭಯ ಬೇಡ. 2000ದ ಮಾರ್ಚ್ 12ರಂದು ಪೋಪ್ ಎರಡನೇ ಜಾನ್ ಪೌಲರು ರೋಮಿನ ಸಂತ ಪೇತ್ರರ ಮಹಾದೇವಾಲಯದಲ್ಲಿ, ಧರ್ಮಸಭೆಯ ಮಕ್ಕಳು ಶತಮಾನಗಳಲ್ಲಿ ಮಾಡಿದ ತಪ್ಪುಗಳಿಗಾಗಿ ಲೋಕದೆದುರು ದೇವರ ಕ್ಷಮೆ ಬೇಡಿದರು. ಅದರಿಂದ ಧರ್ಮಸಭೆ ಚಿಕ್ಕದಾಗಲಿಲ್ಲ.

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ತಪ್ಪೇ ಬೇರೆ, ಗಾಯವೇ ಬೇರೆ. ನಮ್ಮ ಜಿಲ್ಲೆಯಲ್ಲಿ ಬಾಲ್ಯದಲ್ಲಿಯೇ ದೇವದಾಸಿಯರಾಗಿ ಬಿಡಲ್ಪಟ್ಟ ತಾಯಂದಿರಿದ್ದಾರೆ. 1982ರಲ್ಲಿಯೇ ರಾಜ್ಯದ ಶಾಸನ ಆ ಪದ್ಧತಿಯನ್ನು ನಿಷೇಧಿಸಿತು. ಆದರೆ ಆ ತಾಯಂದಿರನ್ನೂ ಅವರ ಮಕ್ಕಳನ್ನೂ ಕುಟುಕುವ ನಾಲಿಗೆಗಳನ್ನು ಯಾವ ಶಾಸನವೂ ನಿಷೇಧಿಸಲಾರದು. ಇತರರು ತಮ್ಮ ಮೇಲೆ ಎಸಗಿದ ಅನ್ಯಾಯವನ್ನು ತಮ್ಮದೇ ಪಾಪವೆಂದು ಹೊತ್ತು ಬದುಕುವವರಿಗೆ ಬೇಕಾದುದು ಕ್ಷಮೆಯಲ್ಲ, ನ್ಯಾಯ ಮತ್ತು ಗೌರವ.

ಇನ್ನು ನಮ್ಮ ಧರ್ಮಕೇಂದ್ರಗಳ ಮಾತು. ಒಬ್ಬನು ಕುಡಿತ ಬಿಟ್ಟು ಹತ್ತು ವರ್ಷವಾದರೂ ನಾವು ಅವನನ್ನು ಗುರುತಿಸುವುದು ಆ ಕುಡಿತದಿಂದಲೇ. ಹೆಣ್ಣು ಗಂಡಿನ ಸಂಬಂಧ ಕುದುರಿಸುವಾಗ ತಂದೆಯ ಹಳೆಯ ಕಥೆಯನ್ನು ಯಾರೋ ಒಬ್ಬರು ಕಿವಿಯಲ್ಲಿ ಊದದೆ ಬಿಡುವುದಿಲ್ಲ. ದೇವರು ಕ್ಷಮಿಸಿದುದನ್ನು ನೆನಪಿಟ್ಟುಕೊಳ್ಳುವ ಹೊಣೆಯನ್ನು ನಮಗೆ ಯಾರು ವಹಿಸಿದರು? ದುಂದುಗಾರ ಮಗನ ಸಾಮತಿಯಲ್ಲಿ ಕಿರಿಯವನು ಕೊನೆಗೆ ಮನೆಯೊಳಗೆ ಹಬ್ಬದೂಟದಲ್ಲಿದ್ದಾನೆ. ಹೊರಗೆ ನಿಂತು ಒಳಗೆ ಬರಲೊಪ್ಪದವನು ಹಿರಿಯ ಮಗ. ಪ್ರತಿ ಭಾನುವಾರ ಬಲಿಪೂಜೆಗೆ ಬರುವ ನಾವೇ ಆ ಹಿರಿಯ ಮಗನಾಗಿಲ್ಲವೇ? ಬೇರೆಯವರ ಹೊಲದ ಬಸಿಗಾಲುವೆಗೆ ಮಣ್ಣು ಹಾಕಿ ಮುಚ್ಚುವವನ ಮನಸ್ಸಿನಲ್ಲೂ ಸವಳು ಏಳದಿರದು.

ಆ ಹಮಾಲಿ ಬಾಂಧವರ ಪ್ರಶ್ನೆಗೆ ನಾವು ತಡವಾಗಿಯಾದರೂ ಉತ್ತರ ಹೇಳಿದೆವು. ನಿಮ್ಮ ತಾಯಿಯ ಪರವಾಗಿ ಮಾತನಾಡುವ ಅಧಿಕಾರ ನಮಗಿಲ್ಲ. ಆದರೆ ಸಂತರ ಅನ್ಯೋನ್ಯತೆಯನ್ನು ನಾವು ವಿಶ್ವಾಸಿಸುತ್ತೇವೆ. ದೇವರ ಸನ್ನಿಧಿಯನ್ನು ಸೇರಿದವರು ನಮ್ಮನ್ನು ದೇವರ ಕಣ್ಣಿನಿಂದಲೇ ನೋಡುತ್ತಾರೆ. ದೇವರು ಕ್ಷಮಿಸಿದ ಮಗನನ್ನು ದೇವರ ಬಳಿಯಿರುವ ತಾಯಿ ದೂರವಿಡಲಾರಳು ಎಂದೆವು. ಅವರು ಏನೂ ಹೇಳಲಿಲ್ಲ. ಆದರೆ ಕೆಲವು ವಾರಗಳ ಬಳಿಕ ನಮಗೆ ತಿಳಿದುಬಂತು: ತಮ್ಮ ಓಣಿಯಲ್ಲಿ ಮಕ್ಕಳು ಗುಳೆ ಹೋಗಿ ಒಂಟಿಯಾಗಿ ಉಳಿದ ಮುದುಕಿಯರನ್ನು ಅವರು ಕೆಲಸ ಬಿಟ್ಟು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು, ಚೀಟಿ ಮಾಡಿಸಿ, ಸಾಲಿನಲ್ಲಿ ನಿಂತು, ಔಷಧ ಕೊಡಿಸಿ ಮನೆ ಮುಟ್ಟಿಸುತ್ತಿದ್ದರು. ಇದನ್ನು ನಾವು ಹೇಳಿಕೊಟ್ಟಿರಲಿಲ್ಲ.

ಮುಂದಿನ ನವೆಂಬರ್ 2ರಂದು ಅವರು ಗೇಟು ದಾಟಿ ಬಂದರು. ತಾಯಿಯ ಸಮಾಧಿಯ ಬಳಿ ಮೊಣಕಾಲೂರಿ ಬಹಳ ಹೊತ್ತು ಅತ್ತರು. ನಾವು ಸಮಾಧಾನ ಹೇಳಲು ಹೋಗಲಿಲ್ಲ.

ಪ್ರಿಯ ಬಾಂಧವರೇ, ನಿಮ್ಮ ಮನೆಯಲ್ಲೋ ಓಣಿಯಲ್ಲೋ ಗೇಟಿನ ಹೊರಗೆ ನಿಂತ ಒಬ್ಬರು ಇದ್ದೇ ಇರುತ್ತಾರೆ. ಅದು ನೀವೇ ಆಗಿರಲೂಬಹುದು. ಹೊರಗಿರುವವರು ಒಳಗೆ ಬರಲಿ. ಒಳಗಿರುವವರು ಅವರಿಗೆ ದಾರಿ ಬಿಡಲಿ. ಕಳೆದುದನ್ನು ದೇವರ ಕರುಣೆಗೆ ಒಪ್ಪಿಸಿ, ಇಂದು ಮಾಡಬೇಕಾದ ಕೆಲಸಕ್ಕೆ ಕೈ ಹಾಕುವ ಧೈರ್ಯವನ್ನು ಪ್ರಭು ನಮ್ಮೆಲ್ಲರಿಗೂ ಅನುಗ್ರಹಿಸಲಿ.